ದಾರ ಕಟ್ಟಿದ್ದು

ತಾವರಗೇರಾ ದಾಟಿದ ಮ್ಯಾಲ ಎಡಕ್ಕ
ಬಿಳಿ ಪರದಿ ಒಳಗ ಮೆಣಸಿನ ಗಿಡ,
ಸಾಲಿಗೊಬ್ಬಾಕಿ.
ಸಂಜಿಕ ಮೊಗ್ಗು ಬಿಡಿಸಿ, ಚಿಮಟಾದಾಗ ಗಂಡೆಳಿ ಕಿತ್ತೊಗದು
ಬರೇ ಹೆಣ್ಣು ಉಳಿಸಿ ಬರ್ತೀವಿ.
ಮುಂಜಾನೆದ್ದು ಬೆರಳುಂಗುರದಾಗಿನ ಪುಡಿ
ಒಂದು ಸಲ ಮುಟ್ಟಿಸಿ, ಕೆಂಪು ದಾರ ಕಟ್ಟೋದು.
ಹದಿನಾಕು ವರ್ಷಾತು.
ಎಷ್ಟು ಸಾವಿರ ಬಸುರಾಗ್ಯಾವೋ ನನ್ನ ಬೆರಳಿಗೆ.

ಅದಕ್ಕ ಇರಬೇಕು ಗ್ಯಾನವ್ವ ನನ್ನನ್ನ ಕೇಳಿದ್ದು,
ಬುತ್ತಿ ಬಿಚ್ಚಿ, ರೊಟ್ಟಿ ಮುರೀತಾ, ಮುಖ ನೋಡದ:
ಜೀವ ಯಾವಾಗ ಬರ್ತೈತಿ ಅಕ್ಕಾ,
ಪುಡಿ ಮುಟ್ಟಿದಾಗೋ, ಕಾಯಿ ಕಚ್ಚಿದಾಗೋ?

ಅಕಿಗೆ ಒಂಬತ್ತು ವಾರ.
ಯಾರಿಗೂ ಹೇಳಿದ್ದಿಲ್ಲ. ಎಲ್ಲಾರಿಗೂ ಗೊತ್ತಿತ್ತು.

ನಾ ಬಾಯಿ ತೆರಿಯೂದರಾಗ ಇಡೀ ಸಾಲು ಮಾತಾಡ್ತು.
ನಾಕು ತಿಂಗಳಿಗೆ ಫರಿಸ್ತಾ ಬಂದು ರೂಹ್ ಊದ್ತಾನ,
ಅಲ್ಲಿತನ ಅದು ಬರೇ ನೆತ್ತರ, ಅಂದ್ಳು ಮೈಬುಬಿ.
ಎಸ್ತರಮ್ಮ ಕೊರಳಿನ ಶಿಲುಬಿ ಹಿಡಕೊಂಡ್ಳು:
ಮೊದಲ ದಿನಾನ ದೇವರಿಗೆ ಅದರ ಹೆಸರು ಗೊತ್ತಿರ್ತೈತಿ.
ಎಂಟರಾಗ ಹೊಟ್ಟಿಗೆ ಲಿಂಗ ಕಟ್ಟಿಸ್ತೀವಿ,
ಅವಾಗ ಅದು ನಮ್ಮ ಪೈಕಿ, ಅಂತ ಪಾರವ್ವ.
ಪಿಯುಸಿ ಮುಗಿಸಿದ ಶಿಲ್ಪಾ ಫೋನು ನೋಡಿ ಹೇಳಿದ್ಳು
ಆರು ವಾರಕ್ಕ ಎದಿ ಬಡೀತೈತಂತ.
ಇನ್ನೂ ಚೂರು ಕೆಳಗ ಓದಿ,
ಅದು ಇನ್ನಾ ಎದಿ ಅಲ್ಲಂತ.

ಗ್ಯಾನವ್ವ ಬೆರಳಿನ ಖಾರ ನೆಕ್ಕಿದ್ಳು.
ಅಕಿ ಕೇಳಿದ್ದು ಅವರನ್ನಲ್ಲ.

ಮಂದಿ ಮುಂದ ಹೆಂಗ ಹೇಳಲಿ, ನನಗ ಎರಡು ಸಲ ಆಗೈತಿ.
ಮೊದಲನೇದು ತಾನಾಗೇ ಹೋತು, ಎರಡೂವರಿ ತಿಂಗಳಿಗೆ.
ಹಳೇ ಕುಬಸದಾಗ ಸುತ್ತಿ ಬೇವಿನ ಬುಡಕ್ಕ ಇಟ್ಟು ಬಂದೆ.
ಕೂಸು, ಅಂದೆ ಅದಕ್ಕ. ಎರಡು ದಿನ ಉಣಲಿಲ್ಲ.
ಗಂಡ ಹೊರಗ ಕುಂತು ಬೀಡಿ ಹಚ್ಚಿ ಹಚ್ಚಿ ಒಗದ.

ನಾಕನೇದಕ್ಕೂ ಎರಡೂವರೀನ.
ಕುಷ್ಟಗಿ ದವಾಖಾನ್ಯಾಗ ಡಾಕ್ಟರಬಾಯಿ
ಕಾಗದಕ್ಕ ಸಹಿ ಹಾಕಿಸ್ಕೊಂಡು ಗುಳಿಗಿ ಕೊಟ್ರು.
ಅದಕ್ಕ ಕೂಸು ಅನಲಿಲ್ಲ.
ಮುಟ್ಟು ನಿಂತಿತ್ತು, ಅಂದೆ.
ಮೂರನೇ ದಿನಕ್ಕ ಹಿಟ್ಟು ನಾದಿ ಮೂರು ಮಂದಿಗೆ ರೊಟ್ಟಿ ಬಡದು
ನಾನೂ ಉಂಡೆ.
ಜೀವ ಹಗೂರಾತು. ಸುಳ್ಳ್ಯಾಕ ಹೇಳಲಿ.
ನನ್ನ ಜೀವ.

ಅಳತಿ ಒಂದ, ತೂಕ ಒಂದ,
ಬಾಯಾಗ ಬಂದ ಮಾತು ಎರಡು.
ಒಂದು ಖರೇ ಆದ್ರ ಇನ್ನೊಂದು ಸುಳ್ಳಾಗಬೇಕು ಅಂತಾರ
ಹೊಟ್ಟಿ ಹೊರಗ ನಿಂತು ತಕ್ಕಡಿ ಹಿಡದವರು.
ಬೇವಿನ ಬುಡಕ್ಕ ಇವತ್ತಿಗೂ ನಾ ಬಚ್ಚಲ ನೀರು ಚಲ್ಲಂಗಿಲ್ಲ.
ಆ ಕಾಗದದ ಸಹಿ ಇವತ್ತು ಕೇಳಿದ್ರೂ ಹಾಕ್ತೀನಿ.

ಸೂಪರವೈಜರ ಸೀಟಿ ಊದಿದ.
ಇವತ್ತು ದಾರ ಇಲ್ಲದ ಕಾಯಿ ಚಿವುಟಬೇಕು,
ತಾವಾಗೇ ಕಚ್ಚಿದ್ದು, ಕಂಪನಿ ವಹಿಯಾಗ ಇಲ್ಲದ್ದು.
ಮೈಬುಬಿ ಚಿವುಟಿದ್ಳು, ಎಸ್ತರಮ್ಮ ಚಿವುಟಿದ್ಳು,
ಪಾರವ್ವನ ಬುಟ್ಟಿ ಎಲ್ಲಾರಕಿಂತ ಮೊದಲ ತುಂಬಿತು.
ಗಿಡ ಬ್ಯಾರೆ, ಹೊಟ್ಟಿ ಬ್ಯಾರೆ. ಗೊತ್ತೈತಿ ನನಗ.
ಆದ್ರೂ ಯಾರೂ ಯಾರ ಮುಖ ನೋಡಲಿಲ್ಲ.

ಗ್ಯಾನವ್ವನ ಬಾಜೂಕ ಹೋಗಿ ಹೇಳಿದೆ:
ನಾಳೆ ಏಳರ ಬಸ್ಸಿಗೆ ನಾ ಬರ್ತೀನಿ ಸಂಗಾಟ.
ಹೂಂ ಅಂದ್ರ ಒಳಗ ಹೋಗೂಣು.
ಬ್ಯಾಡ ಅನಿಸಿದ್ರ ಸ್ಟ್ಯಾಂಡಿನ್ಯಾಗ ಚಾ ಕುಡದು
ವಾಪಸ್ ಬರೂಣು. ಎರಡಕ್ಕೂ ಟಿಕೀಟು ಅಷ್ಟ.
ಅಕಿ ಏನೂ ಅನಲಿಲ್ಲ.
ಒಂದು ಗೇಣು ಕೆಂಪು ದಾರ
ಬಳಿಗೆ ಸುತ್ತಿ, ಬಿಚ್ಚಿ,
ಮತ್ತ ಸುತ್ತಿದ್ಳು.

ಹೊತ್ತು ಮುಳುಗೂ ಮುಂದ ವಹಿ ಹಿಡಕೊಂಡು ಹುಡುಗ ಬಂದ:
ನಿನ್ನ ಸಾಲಿಗೆ ಎಷ್ಟಬೇ ಯಕ್ಕಾ?
ಹೂ ಉದುರಿದ ತೊಟ್ಟಿನ್ಯಾಗೂ ದಾರ ಹಂಗ ಇತ್ತು,
ಗಾಳಿಗೆ ಅಳ್ಳಾಡಕೋತ.
ಹದಿನಾಕು ವರ್ಷದಾಗ ಮೊದಲ ಸಲ ಕೇಳಿದೆ,
ದಾರ ಎಣಿಸ್ಲೇನೋ ತಮ್ಮಾ,
ಕಾಯಿ ಎಣಿಸ್ಲೇನೋ?